ಬಂದ್ ಮಾಡಿದ ಕೋರ್ ಎಷ್ಟು ಕರೆಂಟ್ ಎಳೆಯುತ್ತದೆ?

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಎರಡು ಸಾಕೆಟ್‌ನ, ಅಂದರೆ ಎರಡು ಪ್ರೊಸೆಸರ್ ಚಿಪ್ ಕೂರಿಸುವ, ಹಳೆಯ ಸರ್ವರ್‌ಗಳು ಈಗ ಹಾಸನ, ಚಿಕ್ಕಮಗಳೂರಿನ ಎಷ್ಟೋ ಆಫೀಸು, ಮನೆ, ಕಾಲೇಜು ಲ್ಯಾಬುಗಳಲ್ಲಿ ಬಂದು ಕೂತಿವೆ. ಎರಡು ಝಿಯಾನ್ ಚಿಪ್ಪು (ಇಂಟೆಲ್‌ನ ಸರ್ವರ್ ಪ್ರೊಸೆಸರ್), ಹದಿನಾರು ಕೋರು (ಚಿಪ್ಪಿನೊಳಗೆ ಪ್ರತ್ಯೇಕವಾಗಿ ಕೆಲಸ ಮಾಡುವ ಘಟಕಗಳು), ಬೇಕಾದಷ್ಟು ರ‍್ಯಾಮು. ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕಪತ್ರಕ್ಕೋ, ಸಿಸಿಟಿವಿ ರೆಕಾರ್ಡಿಂಗಿಗೋ, ವರ್ಚುವಲ್ ಮಶೀನ್ ಓಡಿಸಿ ಕಲಿಯುವುದಕ್ಕೋ ತಂದಿರುತ್ತಾರೆ. ಅದರ ಹೊಟ್ಟೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದು ಎರಡು ಸಂದರ್ಭದಲ್ಲಿ: ಹಾಸನದಲ್ಲಿ ಸೆಸ್ಕ್ ಬಿಲ್ಲು, ಚಿಕ್ಕಮಗಳೂರಲ್ಲಿ ಮೆಸ್ಕಾಂ ಬಿಲ್ಲು ಕೈಗೆ ಬಂದಾಗ, ಇಲ್ಲವೇ ಆಷಾಢದ ಗಾಳಿಮಳೆಗೆ ಸಕಲೇಶಪುರ, ಮೂಡಿಗೆರೆ ಕಡೆ ಲೈನ್ ಮೇಲೆ ಮರ ಬಿದ್ದು ಯುಪಿಎಸ್ಸೇ ಗತಿ ಅಂತಾದಾಗ.

ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಹದಿನಾರು ಕೋರಲ್ಲಿ ನಮಗೆ ಬೇಕಾದ್ದು ನಾಲ್ಕು, ಉಳಿದ ಹನ್ನೆರಡನ್ನು ಆಫ್ ಮಾಡಿಬಿಟ್ಟರೆ ಅಷ್ಟು ಕರೆಂಟ್ ಉಳಿಯಿತಲ್ಲ? ಲಿನಕ್ಸ್‌ನಲ್ಲಿ ಒಂದು ಸಾಲಿನ ಕೆಲಸ, ವಿಂಡೋಸ್‌ನಲ್ಲಿ ಒಂದು ಟಿಕ್ ಮಾರ್ಕು.

ಉಳಿಯುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಕೆಲವದರಲ್ಲಿ ಮೊದಲಿಗಿಂತ ಜಾಸ್ತಿಯೇ ಎಳೆಯುತ್ತದೆ. ಕೆಲಸವಿಲ್ಲದೆ ಸುಮ್ಮನಿರುವ ಕೋರ್ ಒಂದು ಸ್ಥಿತಿ, ‘ಆಫ್‌ಲೈನ್’ ಮಾಡಿದ ಕೋರ್ ಇನ್ನೊಂದು ಸ್ಥಿತಿ, ವಿದ್ಯುತ್ತೇ ಕಡಿದುಹೋದ ಕೋರ್ ಮತ್ತೊಂದು. ಆಫ್‌ಲೈನ್ ಅಂದರೆ ಕಡಿದುಹೋಗಿದೆ ಅಂತ ನಂಬುವುದರಿಂದ ಲೆಕ್ಕ ತಪ್ಪುತ್ತದೆ.

ಎರಡು ಬಗೆಯ ಖರ್ಚು

ಪ್ರೊಸೆಸರ್ ಎಳೆಯುವ ಪವರ್‌ನಲ್ಲಿ ಎರಡು ಪಾಲು. ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗುವಾಗ ಖರ್ಚಾಗುವುದು ಒಂದು. ಇದು ಕ್ಲಾಕ್ ವೇಗಕ್ಕೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇನ್ನೊಂದು ಲೀಕೇಜು. ಟ್ರಾನ್ಸಿಸ್ಟರ್ ಆಫ್ ಇದ್ದರೂ ಅದರ ಮೂಲಕ ಸ್ವಲ್ಪ ಕರೆಂಟ್ ಸೋರುತ್ತಲೇ ಇರುತ್ತದೆ. ಕ್ಲಾಕ್ ನಿಲ್ಲಿಸಿದರೆ ಮೊದಲನೆಯದು ನಿಂತಿತು. ವೋಲ್ಟೇಜ್ ಇರುವ ತನಕ ಎರಡನೆಯದು ನಿಲ್ಲುವುದಿಲ್ಲ. ಚಿಪ್ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಹಾಸನದ ಮಾಘಮಾಸದ ಬೆಳಗಿನ ಚಳಿಯಲ್ಲಿ ತೆಗೆದ ಅಳತೆಯನ್ನು ಏಪ್ರಿಲ್ ಮಧ್ಯಾಹ್ನದ ಅಳತೆಯ ಪಕ್ಕ ಇಟ್ಟು ‘ಇಷ್ಟು ಉಳಿಯಿತು’ ಅನ್ನುವವರು ಈ ಮಾತನ್ನು ಮರೆತಿರುತ್ತಾರೆ.

ಕೆಲಸವಿಲ್ಲದ ಕೋರ್ ನಿದ್ದೆಗೆ ಹೋಗುವುದಕ್ಕೆ ಮೆಟ್ಟಿಲುಗಳಿವೆ. ಅವನ್ನು ಸಿ-ಸ್ಟೇಟ್ ಅನ್ನುತ್ತಾರೆ. ಸಿ0 ಅಂದರೆ ಎಚ್ಚರ. ಸಿ1ರಲ್ಲಿ ಕೋರಿನ ಕ್ಲಾಕ್ ನಿಲ್ಲುತ್ತದೆ, ವೋಲ್ಟೇಜ್ ಹಾಗೇ ಇರುತ್ತದೆ, ಕ್ಯಾಶಿನಲ್ಲಿರುವುದು ಕ್ಯಾಶಿನಲ್ಲೇ ಉಳಿಯುತ್ತದೆ. ಸಿ3ರಲ್ಲಿ ಆ ಕೋರಿನ ಸ್ವಂತ ಕ್ಯಾಶನ್ನು ಖಾಲಿ ಮಾಡುತ್ತದೆ. ಸಿ6ರಲ್ಲಿ ರಿಜಿಸ್ಟರ್‌ಗಳಲ್ಲಿರುವುದನ್ನು ಚಿಪ್ಪಿನೊಳಗಿನ ಬೇರೆ ಮೆಮೊರಿಯಲ್ಲಿ ಎತ್ತಿಟ್ಟು, ಪವರ್ ಗೇಟ್ ಮೂಲಕ ಕೋರಿನ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಸೋರಿಕೆ ನಿಲ್ಲುವುದು ಇಲ್ಲಿ ಮಾತ್ರ.

ಬ್ಲಾಸಮ್ ಹೊತ್ತಿಗೆ, ಅಂದರೆ ಕಾಫಿ ಹೂ ಬಿಡುವ ಕಾಲಕ್ಕೆ, ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಹೊಸದಲ್ಲ. ತುದಿಯ ಜೆಟ್ ಮುಚ್ಚಿದರೆ ನೀರು ಹಾರುವುದು ನಿಲ್ಲುತ್ತದೆ, ಆದರೆ ಪೈಪಿನಲ್ಲಿ ಪ್ರೆಶರ್ ಇರುವಷ್ಟು ಹೊತ್ತೂ ಜಾಯಿಂಟುಗಳಲ್ಲಿ ಜಿನುಗುತ್ತಿರುತ್ತದೆ. ಪಂಪಿನ ಹತ್ತಿರದ ಗೇಟ್ ವಾಲ್ವನ್ನೇ ಮುಚ್ಚಿದರೆ ಅದೂ ನಿಲ್ಲುತ್ತದೆ. ಸಿ1 ಜೆಟ್ ಮುಚ್ಚಿದ ಹಾಗೆ, ಸಿ6 ವಾಲ್ವ್ ಮುಚ್ಚಿದ ಹಾಗೆ.

ಒಂದೊಂದು ಕೋರಿಗೂ ಒಂದೊಂದು ಪವರ್ ಗೇಟ್ ಎಲ್ಲ ಕಾಲದಲ್ಲೂ ಇರಲಿಲ್ಲ. ಇಂಟೆಲ್‌ನಲ್ಲಿ ಅದು ಬಂದದ್ದು 2008ರ ಕೊನೆಯ ನೆಹಲೆಮ್ ಪೀಳಿಗೆಯಲ್ಲಿ; ಎಎಂಡಿಯಲ್ಲಿ 2011ರ ಸುಮಾರಿಗೆ. ಅದಕ್ಕಿಂತ ಹಳೆಯದು, ಉದಾಹರಣೆಗೆ 2007ರ ಕೋರ್ 2 ಕ್ವಾಡ್ ಕ್ಯೂ6600 ಇದ್ದರೆ, ನೀವು ಯಾವ ರೀತಿ ಕೋರ್ ಬಂದ್ ಮಾಡಿದರೂ ಅದಕ್ಕೆ ವೋಲ್ಟೇಜ್ ಹೋಗುತ್ತಲೇ ಇರುತ್ತದೆ. ಅಂಥ ಯಂತ್ರದಲ್ಲಿ ಕೋರ್ ಬಂದ್ ಮಾಡುತ್ತಾ ಕೂರುವುದಕ್ಕಿಂತ ಯಂತ್ರವನ್ನೇ ಗುಜರಿಗೆ ಹಾಕುವುದು ಒಳ್ಳೆಯ ಉಳಿತಾಯ.

ಆಫ್‌ಲೈನ್ ಮಾಡಿದಾಗ ನಿಜವಾಗಿ ಏನಾಗುತ್ತದೆ

ಲಿನಕ್ಸ್‌ನಲ್ಲಿ ಸಿಸ್ ಅನ್ನುವ ಡೈರೆಕ್ಟರಿಯೊಳಗೆ ಡಿವೈಸಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಸಿಪಿಯು. ಅಲ್ಲಿ ಪ್ರತಿ ಲಾಜಿಕಲ್ ಪ್ರೊಸೆಸರ್‌ಗೂ (ಆಪರೇಟಿಂಗ್ ಸಿಸ್ಟಮ್ ಒಂದು ಪ್ರೊಸೆಸರ್ ಅಂತ ಎಣಿಸುವ ಘಟಕ) ಒಂದೊಂದು ಡೈರೆಕ್ಟರಿ, ಒಂದೊಂದರಲ್ಲೂ ‘ಆನ್‌ಲೈನ್’ ಅನ್ನುವ ಫೈಲು. ಅದಕ್ಕೆ 0 ಬರೆದರೆ ಆ ಪ್ರೊಸೆಸರ್ ಆಫ್‌ಲೈನ್, 1 ಬರೆದರೆ ವಾಪಸ್. ಸುಡೋ ಹಾಕಿ ಎಕೋ ಮಾಡಿ ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿದರೆ ‘ಪರ್ಮಿಶನ್ ಡಿನೈಡ್’ ಬರುತ್ತದೆ. ಯಾಕೆಂದರೆ ಸುಡೋ ಅನ್ವಯಿಸುವುದು ಎಕೋಗೆ, ಫೈಲ್ ತೆರೆಯುವುದು ನಿಮ್ಮ ಸಾಮಾನ್ಯ ಶೆಲ್ಲು. ಎಕೋವನ್ನು ಪೈಪ್ ಮಾಡಿ ‘ಸುಡೋ ಟೀ’ಗೆ ಕೊಟ್ಟರೆ ಸರಿಯಾಗುತ್ತದೆ. ಸಿಪಿಯು0ಗೆ ಸಾಮಾನ್ಯವಾಗಿ ಆ ಫೈಲೇ ಇರುವುದಿಲ್ಲ, ಹುಡುಕಬೇಡಿ.

0 ಬರೆದ ಕೂಡಲೇ ಲಿನಕ್ಸ್‌ನ ತಿರುಳಾದ ಕರ್ನಲ್ ಆ ಪ್ರೊಸೆಸರ್ ಮೇಲಿದ್ದ ಕೆಲಸಗಳನ್ನೂ ಇಂಟರಪ್ಟ್‌ಗಳನ್ನೂ (ಸಾಧನಗಳಿಂದ ಬರುವ ಕರೆಗಳು) ಬೇರೆಯವಕ್ಕೆ ಸಾಗಿಸುತ್ತದೆ, ಕೊನೆಗೆ ‘ಪ್ಲೇ ಡೆಡ್’ ಅನ್ನುವ ಫಂಕ್ಷನ್ನಿಗೆ ಅದನ್ನು ಕಳಿಸುತ್ತದೆ. ಹೆಸರು ಸರಿಯಾಗೇ ಇಟ್ಟಿದ್ದಾರೆ: ಅದು ಸತ್ತಿಲ್ಲ, ಸತ್ತ ಹಾಗೆ ನಟಿಸುತ್ತಿದೆ. ಇಂಟರಪ್ಟ್ ಮುಚ್ಚಿಕೊಂಡು ಒಂದು ಲೂಪ್‌ನಲ್ಲಿ ನಿಂತಿರುತ್ತದೆ. ಆ ಲೂಪ್‌ನಲ್ಲಿ ಯಾವ ಇನ್‌ಸ್ಟ್ರಕ್ಷನ್ ಇದೆ ಅನ್ನುವುದರ ಮೇಲೆ ನಿಮ್ಮ ಬಿಲ್ಲು ನಿಂತಿದೆ. ಬರೀ ‘ಹಾಲ್ಟ್’ ಇದ್ದರೆ ಕೋರ್ ಸಿ1ರಲ್ಲೇ ಉಳಿಯಿತು. ‘ಎಂವೇಟ್’ ಇದ್ದು ಅದರ ಜೊತೆ ಆಳವಾದ ಸ್ಥಿತಿಯ ಸೂಚನೆ ಕೊಟ್ಟಿದ್ದರೆ ಸಿ6ರ ತನಕ ಹೋಗಬಹುದು. ಬಹಳ ಹಳೆಯ ಕರ್ನಲ್‌ಗಳು ಹಾಲ್ಟ್ ಒಂದನ್ನೇ ಬಳಸುತ್ತಿದ್ದವು. ಈಗಿನವು ಮೊದಲು ಆಳದ ದಾರಿ ನೋಡುತ್ತವೆ, ಅದಾಗದಿದ್ದರೆ ಹಾಲ್ಟ್‌ಗೆ ಇಳಿಯುತ್ತವೆ. ಯಾವ ಸೂಚನೆ ನಿಜಕ್ಕೂ ಅತಿ ಆಳದ್ದು ಅಂತ ಕಂಡುಹಿಡಿಯುವ ಲೆಕ್ಕ ಕೆಲವು ಚಿಪ್‌ಗಳಲ್ಲಿ ತಪ್ಪಿದ್ದರಿಂದ ಆ ಭಾಗವನ್ನು ಕರ್ನಲ್ ಬರೆಯುವವರು ಮತ್ತೆ ಮತ್ತೆ ತಿದ್ದಿದ್ದಾರೆ.

ಆಫ್‌ಲೈನ್ ಆದ ಪ್ರೊಸೆಸರ್‌ಗೆ ಪೂರ್ತಿ ಕರೆಂಟ್ ಕಡಿಯುವ ಹಾಗೆ ಏಕೆ ಮಾಡಿಲ್ಲ ಅಂದರೆ, ಯಂತ್ರಕ್ಕೆ ಇನ್ನೂ ಅದರ ಹಂಗಿದೆ. ಫರ್ಮ್‌ವೇರ್ ತನ್ನ ಕೆಲಸಕ್ಕೆ ಕರೆಯುವ ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್ ಬಂದರೆ ಆಫ್‌ಲೈನ್ ಆದವೂ ಎದ್ದು ಹೋಗಿ ಬರುತ್ತವೆ. ಇಂಟೆಲ್‌ನಲ್ಲಿ ಮಶೀನ್ ಚೆಕ್ (ಹಾರ್ಡ್‌ವೇರ್ ದೋಷದ ಸೂಚನೆ) ಎಲ್ಲ ಪ್ರೊಸೆಸರ್‌ಗಳಿಗೂ ಒಟ್ಟಿಗೆ ಪ್ರಸಾರವಾಗುತ್ತದೆ. ಅದನ್ನು ಸ್ವೀಕರಿಸುವುದಕ್ಕೆ ಸಿದ್ಧವಾಗಿರದ ಒಂದು ಪ್ರೊಸೆಸರ್ ಇದ್ದರೂ ಇಡೀ ಯಂತ್ರ ದಢಕ್ಕನೆ ನಿಲ್ಲುತ್ತದೆ. ಹಾಗಾಗಿ 2018ರಲ್ಲಿ ಇಂಟೆಲ್ ಚಿಪ್‌ಗಳ ಎಲ್1ಟಿಎಫ್ ಎಂಬ ಭದ್ರತಾ ದೋಷಕ್ಕೆಂದು, ಪ್ರತಿ ಕೋರಿನ ಎರಡನೇ ಥ್ರೆಡ್ಡನ್ನು ಬಂದ್ ಮಾಡುವ ‘ನೋಎಸ್‌ಎಂಟಿ’ ಬೂಟ್ ಆಯ್ಕೆ ಬಂದಾಗಲೂ, ಲಿನಕ್ಸ್ ಆ ಥ್ರೆಡ್‌ಗಳನ್ನು ಒಮ್ಮೆ ಎಬ್ಬಿಸಿ, ಆ ಸಿದ್ಧತೆ ಮಾಡಿಸಿ, ಆಮೇಲೆ ಮಲಗಿಸುತ್ತದೆ.

ಜೋಡಿ ಥ್ರೆಡ್‌ಗಳ ಪೇಚು

ನಾವು ‘ಕೋರ್ ಬಂದ್ ಮಾಡಿದೆ’ ಅನ್ನುವಾಗ ಹೆಚ್ಚಿನ ಸಲ ಬಂದ್ ಮಾಡಿರುವುದು ಕೋರನ್ನಲ್ಲ, ಹೈಪರ್‌ಥ್ರೆಡಿಂಗ್‌ನ ಒಂದು ಥ್ರೆಡ್ಡನ್ನು. ಹೈಪರ್‌ಥ್ರೆಡಿಂಗ್ ಅಂದರೆ ಒಂದೇ ಕೋರ್ ಎರಡು ಲಾಜಿಕಲ್ ಪ್ರೊಸೆಸರ್ ಆಗಿ ಕಾಣುವ ವ್ಯವಸ್ಥೆ. ಒಂದು ಕೋರಿನಲ್ಲಿ ಎರಡು ಥ್ರೆಡ್ ಇದ್ದರೆ, ಎರಡೂ ಕೇಳಿದ ಆಳದಲ್ಲಿ ಯಾವುದು ಮೇಲಿನ ಮೆಟ್ಟಿಲೋ ಅಲ್ಲಿಗೆ ಮಾತ್ರ ಕೋರ್ ಇಳಿಯುತ್ತದೆ. ಒಂದು ಥ್ರೆಡ್ ಆಫ್‌ಲೈನ್ ಆಗಿ ಸಿ1ರಲ್ಲಿ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಇನ್ನೊಂದು ಕೆಲಸವಿಲ್ಲದೆ ಸಿ6 ಕೇಳುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ; ಕೋರ್ ಸಿ1ರಲ್ಲೇ ನಿಲ್ಲುತ್ತದೆ. ಆಫ್‌ಲೈನ್ ಮಾಡದೆ ಇದ್ದಿದ್ದರೆ ಎರಡೂ ಸಿ6 ಕೇಳಿ ಕೋರ್ ಪೂರ್ತಿ ಮಲಗುತ್ತಿತ್ತು. ಉಳಿಸಲು ಹೋಗಿ ಇದ್ದ ಉಳಿತಾಯವನ್ನೂ ಕಳೆದುಕೊಂಡ ಹಾಗಾಯಿತು.

ಇದು ಬರೀ ಊಹೆಯ ಮಾತಲ್ಲ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಎಎಂಡಿಯ ಝೆನ್ 2 ಪೀಳಿಗೆಯ ಎಪಿಕ್ ಸರ್ವರ್ ಪ್ರೊಸೆಸರನ್ನು ಅಳೆದು 2021ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಥ್ರೆಡ್‌ಗಳನ್ನು ಆಫ್‌ಲೈನ್ ಮಾಡಿದಾಗ ಸುಮ್ಮನಿರುವ ಯಂತ್ರದ ಪವರ್ ಸಿ1ರ ಮಟ್ಟಕ್ಕೆ ಏರಿತು, ಅವನ್ನು ವಾಪಸ್ ಆನ್‌ಲೈನ್ ಮಾಡಿದ ಮೇಲಷ್ಟೇ ಇಳಿಯಿತು ಅಂತ ಬರೆದಿದ್ದಾರೆ. ಎಎಂಡಿಯಲ್ಲಿ ಎಂವೇಟ್ ಮೂಲಕ ಸಿ1ರ ಆಚೆ ಹೋಗುವ ದಾರಿ ಇರಲಿಲ್ಲ. ಆಳದ ನಿದ್ದೆಗೆ ಒಂದು ಐಒ ಪೋರ್ಟನ್ನು ಓದಬೇಕಿತ್ತು. 2018ರ ಬಳಿಕ ಲಿನಕ್ಸ್ ಎಎಂಡಿಗೆ ಆ ಬೇರೆ ದಾರಿಯನ್ನೇ ಹಿಡಿಯುತ್ತದೆ, ಆದರೂ ಅಳತೆಯಲ್ಲಿ ಹೀಗಾಯಿತು. ಕೋಡ್ ಓದಿ ತೀರ್ಮಾನಿಸಬೇಡಿ, ಮೀಟರ್ ನೋಡಿ ಅನ್ನುವುದು ಇದಕ್ಕೇ.

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಟೆಲ್‌ನ ಟರ್ಬೋ ವೇಗ (ಮಾಮೂಲಿಗಿಂತ ಮೇಲೆ ಏರಿಸುವ ಕ್ಲಾಕ್) ಎಷ್ಟು ಕೋರ್ ‘ಸಕ್ರಿಯ’ವಾಗಿವೆ ಅನ್ನುವುದನ್ನು ಅವಲಂಬಿಸಿದೆ, ಆ ಲೆಕ್ಕದಲ್ಲಿ ಸಿ1ರಲ್ಲಿರುವ ಕೋರೂ ಸಕ್ರಿಯವೇ. ಸಿ1ರಲ್ಲಿ ಸಿಕ್ಕಿಬಿದ್ದ ಹನ್ನೆರಡು ಕೋರುಗಳು ಏನೂ ಕೆಲಸ ಮಾಡದೆ, ಕೆಲಸ ಮಾಡುವ ನಾಲ್ಕರ ಟರ್ಬೋವನ್ನೂ ತಿಂದುಹಾಕುತ್ತವೆ. ಹ್ಯಾಸ್ವೆಲ್ ಎಂಬ ಪೀಳಿಗೆಗಿಂತ ಹಿಂದಿನ ಝಿಯಾನ್‌ಗಳಲ್ಲಿ ಒಂದು ಚಿಪ್ಪಿನ ಕೋರುಗಳಿಗೆಲ್ಲ ವೋಲ್ಟೇಜ್ ಒಂದೇ ಆದ್ದರಿಂದ, ಒಂದು ಕೋರ್ ಜೋರಾಗಿ ಓಡಿದರೆ ಸಿ1ರಲ್ಲಿರುವ ಎಲ್ಲವೂ ಆ ಏರಿದ ವೋಲ್ಟೇಜಿನಲ್ಲೇ ಸೋರುತ್ತವೆ.

ನಂಬರಿನಲ್ಲೂ ಜಾಗ್ರತೆ ಬೇಕು. 32 ಲಾಜಿಕಲ್ ಪ್ರೊಸೆಸರ್ ಇರುವ ಎರಡು ಸಾಕೆಟ್‌ನ ಯಂತ್ರದಲ್ಲಿ 16ರಿಂದ 31ರ ತನಕ ಆಫ್ ಮಾಡಿ ‘ಎರಡನೇ ಚಿಪ್ ಬಂದ್’ ಅಂದುಕೊಳ್ಳುವುದು ಸಾಮಾನ್ಯ. ಎಷ್ಟೋ ಯಂತ್ರಗಳಲ್ಲಿ 0–7 ಮೊದಲ ಚಿಪ್ಪು, 8–15 ಎರಡನೆಯದು, 16ರಿಂದ ಮುಂದಿನವು ಇವೇ ಕೋರುಗಳ ಎರಡನೇ ಥ್ರೆಡ್‌ಗಳು. ಇನ್ನು ಕೆಲವದರಲ್ಲಿ ಸಮಸಂಖ್ಯೆಗಳೆಲ್ಲ ಒಂದು ಚಿಪ್ಪು, ಬೆಸಸಂಖ್ಯೆಗಳೆಲ್ಲ ಇನ್ನೊಂದು. ಎಲ್‌ಎಸ್‌ಸಿಪಿಯು ಕಮಾಂಡಿಗೆ ‘ಇ’ ಆಯ್ಕೆ ಕೊಟ್ಟರೆ ಯಾವ ನಂಬರು ಯಾವ ಸಾಕೆಟ್ಟು, ಯಾವ ಕೋರು ಅಂತ ಪಟ್ಟಿ ಬರುತ್ತದೆ. ಪ್ರತಿ ಸಿಪಿಯು ಡೈರೆಕ್ಟರಿಯ ಟೋಪಾಲಜಿ ಒಳಗೆ ‘ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್’ ಫೈಲಿನಲ್ಲಿ ಜೋಡಿ ಯಾರು ಅಂತ ಇರುತ್ತದೆ. ಅದನ್ನು ನೋಡದೆ 0 ಬರೆಯಬೇಡಿ.

ಬೇರೆ ದಾರಿಗಳೂ ಅಷ್ಟೇ

ಯೂಟ್ಯೂಬ್ ವಿಡಿಯೋಗಳಲ್ಲಿ ತೋರಿಸುವ ಎಂಎಸ್‌ಕಾನ್ಫಿಗ್‌ನ ‘ನಂಬರ್ ಆಫ್ ಪ್ರೊಸೆಸರ್ಸ್’ ಟಿಕ್ ಇದೆಯಲ್ಲ, ಅದು ವಿಂಡೋಸ್‌ಗೆ ಇಷ್ಟೇ ಪ್ರೊಸೆಸರ್ ಎಬ್ಬಿಸು ಅನ್ನುತ್ತದೆ, ಅಷ್ಟೇ. ಉಳಿದವು ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ ಫರ್ಮ್‌ವೇರ್) ಬಿಟ್ಟುಹೋದ ಸ್ಥಿತಿಯಲ್ಲೇ ಇರುತ್ತವೆ. ಬಯೋಸ್ ಅವನ್ನು ಹಾಲ್ಟ್‌ನಲ್ಲಿ ಬಿಟ್ಟಿದ್ದರೆ ಹಾಲ್ಟ್‌ನಲ್ಲಿ. ಲಿನಕ್ಸ್‌ನ ‘ಮ್ಯಾಕ್ಸ್‌ಸಿಪಿಯುಸ್’ ಬೂಟ್ ಆಯ್ಕೆಯ ಕತೆಯೂ ಇದೇ. ಯಾರೂ ಎಬ್ಬಿಸದ ಪ್ರೊಸೆಸರ್‌ಗೆ ಆಳವಾಗಿ ಮಲಗು ಅಂತ ಹೇಳುವವರೂ ಇಲ್ಲ. ಎಚ್ಚರಿಸಿ ಕೆಲಸ ಕೊಡದೆ ಬಿಟ್ಟ ಕೋರೇ ಇದಕ್ಕಿಂತ ಚೆನ್ನಾಗಿ ಮಲಗುತ್ತದೆ. ವಿಂಡೋಸ್ ತಾನಾಗಿ ಮಾಡುವ ಕೋರ್ ಪಾರ್ಕಿಂಗ್ ಅಂಥದ್ದೇ.

ಬಯೋಸ್‌ನಲ್ಲಿ ‘ಆಕ್ಟಿವ್ ಕೋರ್ಸ್’ ಕಡಿಮೆ ಮಾಡುವುದು ಇವೆಲ್ಲಕ್ಕಿಂತ ವಾಸಿ. ಪವರ್ ಗೇಟ್ ಇರುವ ಚಿಪ್ಪಿನಲ್ಲಿ ಆ ಕೋರುಗಳು ಯಂತ್ರ ಆನ್ ಆದಾಗಿನಿಂದಲೇ ಬಂದ್ ಇರುತ್ತವೆ. ಆದರೆ ಇದಕ್ಕೆ ಹೋಲಿಸಬೇಕಾದ್ದು ಎಚ್ಚರವಿರುವ ಕೋರಿನ ಜೊತೆಗಲ್ಲ, ಸಿ6ರಲ್ಲಿ ಮಲಗಿದ ಕೋರಿನ ಜೊತೆ. ಹಾಗೆ ನೋಡಿದರೆ ವ್ಯತ್ಯಾಸ ನಗಣ್ಯ, ಜೊತೆಗೆ ಬೇಕಾದಾಗ ಕೋರ್ ವಾಪಸ್ ಪಡೆಯುವುದಕ್ಕೆ ರೀಬೂಟ್ ಬೇರೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು ತೋಟದ ಮಳೆಮಾಪಕ, ಹವಾಮಾನ ಸೆನ್ಸರ್ ಓಡಿಸುವವರು ಸೋಲಾರ್ ಬ್ಯಾಟರಿ ಉಳಿಸಲೆಂದು ಮ್ಯಾಕ್ಸ್‌ಸಿಪಿಯುಸ್ 1 ಅಂತ ಹಾಕುತ್ತಾರೆ. ಆರ್ಮ್ ಲೋಕದಲ್ಲಿ ಕೋರಿನ ವಿದ್ಯುತ್ ಕಡಿಯಲು ಪಿಎಸ್‌ಸಿಐ ಎಂಬ ಫರ್ಮ್‌ವೇರ್ ವ್ಯವಸ್ಥೆ ಇದೆ. ಪೈ 3, ಪೈ 4 ಮಾಮೂಲಿ ಬೂಟಿನಲ್ಲಿ ಅದನ್ನು ಬಳಸುವುದಿಲ್ಲ. ಎಬ್ಬಿಸದ ಕೋರುಗಳು ‘ಡಬ್ಲ್ಯುಎಫ್‌ಇ’ (ವೇಟ್ ಫಾರ್ ಈವೆಂಟ್) ಲೂಪ್‌ನಲ್ಲಿ ಕಾಯುತ್ತಿರುತ್ತವೆ: ಕ್ಲಾಕ್ ನಿಂತಿದೆ, ಸೋರಿಕೆ ನಿಂತಿಲ್ಲ. ಸಿಗುವ ಲಾಭ ಒಂದೇ, ಲೋಡ್ ಜಾಸ್ತಿಯಾದಾಗ ನಾಲ್ಕೂ ಕೋರ್ ಒಟ್ಟಿಗೆ ಓಡಿ ಬ್ಯಾಟರಿ ಮೇಲೆ ಬೀಳುವುದಿಲ್ಲ. ಎಚ್‌ಡಿಎಂಐ, ವೈಫೈ ಬೇಡವಾದರೆ ಅದನ್ನು ಆಫ್ ಮಾಡಿ ನೋಡಿ.

ಅಳೆಯುವುದು ಹೇಗೆ

ಎರಡು ಕಡೆ ಅಳೆಯಬೇಕು: ಚಿಪ್ಪಿನಲ್ಲಿ, ಗೋಡೆಯ ಸಾಕೆಟ್ಟಿನಲ್ಲಿ.

ಚಿಪ್ಪಿನದಕ್ಕೆ ಟರ್ಬೋಸ್ಟ್ಯಾಟ್ ಅನ್ನುವ ಕಮಾಂಡು. ಉಬುಂಟುವಿನಲ್ಲಿ ನಿಮ್ಮ ಕರ್ನಲ್ ಆವೃತ್ತಿಯ ಲಿನಕ್ಸ್-ಟೂಲ್ಸ್ ಪ್ಯಾಕೇಜ್ ಹಾಕಿದರೆ ಬರುತ್ತದೆ, ರೂಟ್ ಆಗಿ ಓಡಿಸಬೇಕು. ಅದು ಪ್ರತಿ ಕೋರ್ ಎಷ್ಟು ಶೇಕಡಾ ಹೊತ್ತು ಸಿ1ರಲ್ಲಿತ್ತು, ಎಷ್ಟು ಸಿ6ರಲ್ಲಿತ್ತು, ಇಡೀ ಪ್ಯಾಕೇಜ್, ಅಂದರೆ ಇಡೀ ಚಿಪ್ಪು, ಎಷ್ಟು ಹೊತ್ತು ಮಲಗಿತ್ತು, ಪ್ಯಾಕೇಜಿನ ವ್ಯಾಟ್ ಎಷ್ಟು ಅಂತ ತೋರಿಸುತ್ತದೆ. ಇಂಟರ್ವಲ್ ಮಾಮೂಲಿ 5 ಸೆಕೆಂಡ್ ಇರುತ್ತದೆ. 30ಕ್ಕೆ ಏರಿಸಿ, ಇಲ್ಲದಿದ್ದರೆ ಅಳೆಯುವ ಉಪಕರಣವೇ ಮಲಗಿದವರನ್ನು ಪದೇ ಪದೇ ಎಬ್ಬಿಸುತ್ತದೆ. ಆಫ್‌ಲೈನ್ ಮಾಡಿದ ಪ್ರೊಸೆಸರ್ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನು ಅದರ ಜೋಡಿ ಥ್ರೆಡ್ಡಿನ ಸಾಲಿನಿಂದ ಪತ್ತೆ ಹಚ್ಚಬೇಕು. ಜೋಡಿ ಪೂರ್ತಿ ಸುಮ್ಮನಿದ್ದೂ ಸಿ6 ಅಂಕಣ ಸೊನ್ನೆ ತೋರಿಸುತ್ತಿದ್ದರೆ, ಆಫ್‌ಲೈನ್ ಆದದ್ದು ಸಿ1ರಲ್ಲಿ ಅಡ್ಡ ಕೂತಿದೆ ಅಂತ ಅರ್ಥ. ಮೊದಲು ಆ ಥ್ರೆಡ್ಡನ್ನು ಆನ್‌ಲೈನ್ ಮಾಡಿ ಮತ್ತೆ ಆಫ್‌ಲೈನ್ ಮಾಡಿ ನೋಡಿ. ಬೂಟ್ ಹೊತ್ತಿನಲ್ಲಿ, ಕೋರುಗಳ ನಿದ್ದೆ ನೋಡಿಕೊಳ್ಳುವ ಐಡಲ್ ಡ್ರೈವರ್ ಬರುವ ಮೊದಲೇ ಮಲಗಿಸಿದವು ಹಾಲ್ಟ್‌ನಲ್ಲೇ ಉಳಿದಿರುವುದುಂಟು.

ಪ್ಯಾಕೇಜಿನ ವ್ಯಾಟ್ ಬರುವುದು ಚಿಪ್ಪಿನೊಳಗೇ ಖರ್ಚಾದ ಶಕ್ತಿಯನ್ನು ಎಣಿಸುವ ಆರ್‌ಎಪಿಎಲ್ ಕೌಂಟರಿನಿಂದ. 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಈಚೆಗಿನ ಇಂಟೆಲ್ ಚಿಪ್‌ಗಳಲ್ಲಿ ಇದೆ. ನೇರವಾಗಿ ಓದುವುದಾದರೆ ಸಿಸ್, ಕ್ಲಾಸ್, ಪವರ್‌ಕ್ಯಾಪ್ ಒಳಗೆ ಮೈಕ್ರೊಜೂಲ್ ಲೆಕ್ಕದ ಫೈಲು ಸಿಗುತ್ತದೆ. 10 ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ ಕಳೆದಾಗ 24 ಕೋಟಿ ಬಂದರೆ, ಅದು 240 ಜೂಲ್, ಅಂದರೆ 24 ವ್ಯಾಟ್. ಈ ಕೌಂಟರ್ ತುಂಬಿದ ಮೇಲೆ ಸೊನ್ನೆಗೆ ಬೀಳುತ್ತದೆ. ಕೆಲವು ಚಿಪ್‌ಗಳಲ್ಲಿ ಸುಮಾರು 65,500 ಜೂಲ್‌ಗೇ ತುಂಬುತ್ತದೆ. 40 ವ್ಯಾಟಿನಲ್ಲಿ ಅದು 27 ನಿಮಿಷದ ಮಾತು. ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ಓದಿ ಕಳೆದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ.

ಆರ್‌ಎಪಿಎಲ್‌ಗೆ ಫ್ಯಾನು, ಡಿಸ್ಕು, ಪವರ್ ಸಪ್ಲೈಯ ನಷ್ಟ ಗೊತ್ತಿಲ್ಲ. ಬಿಲ್ಲಿಗೆ ಬರುವುದು ಗೋಡೆಯ ಲೆಕ್ಕ. ಪ್ಲಗ್ ಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಮನೆಯ ಕರೆಂಟ್ ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಯುನಿಟ್ಟಿಗೆ ಇಷ್ಟು ಪಲ್ಸ್ ಅಂತ ಬರೆದಿರುತ್ತದೆ, ಅಷ್ಟು ಸಲ ಕೆಂಪು ದೀಪ ಮಿನುಗಿದರೆ ಒಂದು ಯುನಿಟ್. 3200 ಅಂತಿದ್ದರೆ ಒಂದು ಮಿನುಗಿಗೆ 1125 ಜೂಲ್. ಫ್ರಿಜ್ಜು, ಗೀಸರು, ಪಂಪು ಎಲ್ಲ ಬಂದ್ ಮಾಡಿ ಸರ್ವರ್ ಒಂದನ್ನೇ ಬಿಟ್ಟು, ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ, 1125ನ್ನು ಅದರಿಂದ ಭಾಗಿಸಿ. 11.25 ಸೆಕೆಂಡ್ ಆದರೆ 100 ವ್ಯಾಟ್. ಒಂದು ಅಂತರದಲ್ಲಿ ತಪ್ಪು ಜಾಸ್ತಿ. ಇಪ್ಪತ್ತು ಮಿನುಗಿಗೆ ಎಷ್ಟು ಹೊತ್ತು ಅಂತ ತೆಗೆದುಕೊಂಡರೆ ಒಂದೆರಡು ವ್ಯಾಟಿನ ವ್ಯತ್ಯಾಸವೂ ಹಿಡಿಯಲು ಸಿಗುತ್ತದೆ. ಯುಪಿಎಸ್ ಮುಖದ ಮೇಲಿನ ಲೋಡ್ ಶೇಕಡಾ ನೋಡಿ ಲೆಕ್ಕ ಹಾಕಬೇಡಿ, ಅದು ಬಹಳ ಒರಟು, ಎಷ್ಟೋ ಮಾಡೆಲ್‌ಗಳಲ್ಲಿ ವ್ಯಾಟ್ ಅಲ್ಲ, ವಿಎ (ವೋಲ್ಟ್-ಆಂಪಿಯರ್) ಲೆಕ್ಕದ್ದು.

ಪ್ರತಿ ಬದಲಾವಣೆಯ ಬಳಿಕ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಫ್ಯಾನ್ ವೇಗ ಸ್ಥಿರವಾಗಬೇಕು. ಫ್ಯಾನಿನ ಪವರ್ ವೇಗದ ಘನಕ್ಕೆ ಏರುತ್ತದೆ, ಅದು ಒಂದು ಹಂತ ಮೇಲೆ ಹೋದರೆ ಕೋರುಗಳ ಲೆಕ್ಕವೆಲ್ಲ ಅದರ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಹಾಗಾದರೆ ಉಳಿಸುವುದು ಎಲ್ಲಿ

ಮೊದಲು ಎಲ್ಲ ಕೋರುಗಳನ್ನೂ ಆನ್‌ಲೈನ್ ಮಾಡಿ. ಆಮೇಲೆ ಅವು ಸರಿಯಾಗಿ ನಿದ್ದೆ ಮಾಡುತ್ತಿವೆಯೇ ನೋಡಿ. ಕೆಲಸವಿಲ್ಲದ ಕೋರ್ ಶೇಕಡಾ 95ಕ್ಕಿಂತ ಹೆಚ್ಚು ಹೊತ್ತು ಸಿ6ರಲ್ಲಿರಬೇಕು. ಇಲ್ಲದಿದ್ದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು. ಬಯೋಸ್‌ನಲ್ಲಿ ಪವರ್ ಪ್ರೊಫೈಲ್ ‘ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಅಂತಿರುತ್ತದೆ. ಡೇಟಾ ಸೆಂಟರಿನಿಂದ ಬಂದ ಯಂತ್ರಗಳಲ್ಲಿ ಹಿಂದಿನವರು ಇಟ್ಟದ್ದು ಹಾಗೇ ಉಳಿದಿರುತ್ತದೆ, ಅದರಲ್ಲಿ ಸಿ-ಸ್ಟೇಟ್‌ಗಳೇ ಬಂದ್. ಕರ್ನಲ್ ಸಾಲಿನಲ್ಲಿ ಯಾರೋ ‘ಮ್ಯಾಕ್ಸ್ ಸಿಸ್ಟೇಟ್’ 1 ಅಂತಲೋ ‘ಐಡಲ್ ಪೋಲ್’ ಅಂತಲೋ ಸೇರಿಸಿರುತ್ತಾರೆ. ಎರಡನೆಯದಿದ್ದರಂತೂ ಕೋರ್ ಹಾಲ್ಟೂ ಆಗದೆ ಸುಮ್ಮನೆ ಸುತ್ತುತ್ತಿರುತ್ತದೆ. ಯಂತ್ರದ ಪವರ್ ಸೆಟ್ಟಿಂಗ್ ನೋಡಿಕೊಳ್ಳುವ ‘ಟ್ಯೂನ್ಡ್’ ಎಂಬ ಸೇವೆ ‘ಲೇಟೆನ್ಸಿ ಪರ್ಫಾರ್ಮೆನ್ಸ್’ ಪ್ರೊಫೈಲಿನಲ್ಲಿದ್ದರೂ ಆಳಕ್ಕೆ ಇಳಿಯಲು ಬಿಡುವುದಿಲ್ಲ. ಇವ್ಯಾವುದೂ ಅಲ್ಲದಿದ್ದರೆ ಪವರ್‌ಟಾಪ್ ತೆರೆದು ಸೆಕೆಂಡಿಗೆ ಅತಿ ಹೆಚ್ಚು ಸಲ ಎಬ್ಬಿಸುವವರು ಯಾರು ಅಂತ ನೋಡಿ. ಸುಮ್ಮನೆ ಓಡುತ್ತಿರುವ ವರ್ಚುವಲ್ ಮಶೀನ್, ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್, ಒಂದು ಕೆಟ್ಟ ಯುಎಸ್‌ಬಿ ಸಾಧನ, ಇವೇ ಮಾಮೂಲಿ ಕಳ್ಳರು.

ನಾಲ್ಕೇ ಕೋರಿನಲ್ಲಿ ಕೆಲಸ ನಡೆಯಬೇಕು ಅಂತಿದ್ದರೆ ಉಳಿದವನ್ನು ಆಫ್‌ಲೈನ್ ಮಾಡುವ ಬದಲು ಕೆಲಸವನ್ನೇ ನಾಲ್ಕಕ್ಕೆ ಕಟ್ಟಿಹಾಕಿ. ವರ್ಚುವಲ್ ಮಶೀನ್‌ಗಳನ್ನು ಇಂಥ ಕೋರಿಗೇ ಅಂತ ಪಿನ್ ಮಾಡಿ, ಸೇವೆಗಳಿಗೆ ಸಿಪಿಯುಸೆಟ್ (ಬಳಸಬಹುದಾದ ಕೋರುಗಳ ಪಟ್ಟಿ) ಕೊಡಿ, ನೆಟ್‌ವರ್ಕ್ ಮತ್ತು ಡಿಸ್ಕ್ ಇಂಟರಪ್ಟ್‌ಗಳ ಅಫಿನಿಟಿಯನ್ನು (ಯಾವ ಕೋರಿಗೆ ಹೋಗಬೇಕು ಅನ್ನುವುದನ್ನು) ಅದೇ ನಾಲ್ಕಕ್ಕೆ, ಅದೂ ಒಂದೇ ಸಾಕೆಟ್ಟಿನ ನಾಲ್ಕಕ್ಕೆ ಬರೆಯಿರಿ. ಮಿಕ್ಕವು ಕರ್ನಲ್‌ನ ಕೈಯಲ್ಲೇ ಇದ್ದು ಸಿ6ರಲ್ಲಿ ಗೊರಕೆ ಹೊಡೆಯುತ್ತವೆ. ಆಫ್‌ಲೈನ್ ಮಾಡಲೇಬೇಕು ಅಂತಿದ್ದರೆ, ಒಂದು ಕೋರ್ ಕೆಟ್ಟಿದೆ ಅಂತಲೋ ಸಾಫ್ಟ್‌ವೇರ್ ಲೈಸೆನ್ಸ್ ಕೋರ್ ಲೆಕ್ಕದ್ದು ಅಂತಲೋ, ಜೋಡಿಯ ಎರಡೂ ಥ್ರೆಡ್ ಒಟ್ಟಿಗೆ ಮಾಡಿ. ಅದಕ್ಕೆ ಮೊದಲು ಅವುಗಳ ಫ್ರೀಕ್ವೆನ್ಸಿಯನ್ನು ಕನಿಷ್ಠಕ್ಕೆ ಇಳಿಸಿ.

ಇಷ್ಟು ಮಾಡಿದ ಮೇಲೂ ಎರಡನೇ ಸಾಕೆಟ್ ತಿನ್ನುವುದು ನಿಲ್ಲುವುದಿಲ್ಲ, ಯಾಕೆಂದರೆ ತಿನ್ನುತ್ತಿರುವುದು ಅದರ ಕೋರುಗಳಲ್ಲ. ಎಲ್3 ಕ್ಯಾಶ್, ಮೆಮೊರಿ ಕಂಟ್ರೋಲರ್, ಪಿಸಿಐ ಲೇನುಗಳು, ಎರಡು ಚಿಪ್ಪಿನ ನಡುವಿನ ಕ್ಯೂಪಿಐ ಲಿಂಕು, ಇವೆಲ್ಲ ಕೋರುಗಳಾಚೆಗಿನ ಭಾಗ. ಎರಡನೇ ಚಿಪ್ಪಿನ ರ‍್ಯಾಮಿನಲ್ಲಿ ನಿಮ್ಮ ಡೇಟಾ ಇದೆ, ಮೊದಲ ಚಿಪ್ಪು ಅದನ್ನು ಆ ಲಿಂಕಿನ ಮೇಲೆ ತರಿಸಿಕೊಳ್ಳುತ್ತದೆ. ಹ್ಯಾಸ್ವೆಲ್ ಪೀಳಿಗೆಯ ಝಿಯಾನ್‌ನಲ್ಲಿ ಯಂತ್ರದ ಯಾವ ಮೂಲೆಯಲ್ಲಿ ಒಂದೇ ಒಂದು ಕೋರ್ ಎಚ್ಚರವಿದ್ದರೂ ಇನ್ನೊಂದು ಸಾಕೆಟ್ಟಿನ ಪ್ಯಾಕೇಜ್ ಆಳದ ನಿದ್ದೆಗೆ ಹೋಗುವುದಿಲ್ಲ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಳ್ಳಬೇಕು.

ಎರಡನೇ ಚಿಪ್ ಕೀಳುವ ಮೊದಲು ಮದರ್‌ಬೋರ್ಡಿನ ಚಿತ್ರ ನೋಡಿ, ಸಾಮಾನ್ಯವಾಗಿ ಮುಚ್ಚಳದ ಒಳಮೈಯಲ್ಲೇ ಅಂಟಿಸಿರುತ್ತಾರೆ. ಯಾವ ಪಿಸಿಐ ಸ್ಲಾಟ್ ಯಾವ ಪ್ರೊಸೆಸರ್‌ಗೆ ಸೇರಿದ್ದು ಅಂತ ಅದರಲ್ಲಿರುತ್ತದೆ. ಡಿಸ್ಕುಗಳನ್ನು ನಡೆಸುವ ರೇಡ್ ಕಾರ್ಡು ಎರಡನೇ ಪ್ರೊಸೆಸರಿನ ಸ್ಲಾಟಿನಲ್ಲಿದ್ದರೆ ಚಿಪ್ ಕಿತ್ತ ಕೂಡಲೇ ಡಿಸ್ಕುಗಳೆಲ್ಲ ಮಾಯ. ನೆಟ್‌ವರ್ಕ್ ಕಾರ್ಡನ್ನು ಸ್ಲಾಟ್ ಬದಲಿಸಿದರೆ ಲಿನಕ್ಸ್‌ನಲ್ಲಿ ಅದರ ಹೆಸರು ಬದಲಾಗುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಮಾನಿಟರು, ಕೀಬೋರ್ಡು ಹತ್ತಿರ ಇಟ್ಟುಕೊಂಡಿರಿ. ತೆಗೆಯಬೇಕಾದ್ದು ಎರಡನೆಯ ಸಾಕೆಟ್ಟಿನದು ಮಾತ್ರ. ಮೊದಲನೆಯದನ್ನು ಖಾಲಿ ಬಿಟ್ಟರೆ ಯಂತ್ರ ಏಳುವುದೇ ಇಲ್ಲ.

ಸ್ವಲ್ಪ ಹೊತ್ತು ಲೋಡ್ ಕೊಟ್ಟು ಓಡಿಸಿ ಶಟ್‌ಡೌನ್ ಮಾಡಿದರೆ ಥರ್ಮಲ್ ಪೇಸ್ಟ್ ಮೆತ್ತಗಾಗಿರುತ್ತದೆ. ಎರಡೂ ಪವರ್ ಕೇಬಲ್ ಕಿತ್ತು, ಹೀಟ್‌ಸಿಂಕಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬರದಿದ್ದರೆ ಮೇಲಕ್ಕೆ ಜಗ್ಗಬೇಡಿ, ಅತ್ತಿತ್ತ ತಿರುಗಿಸಿ. 2011 ಪಿನ್ನಿನ ಸಾಕೆಟ್ಟಿಗೆ ಎರಡು ಲಿವರ್ ಇರುತ್ತವೆ. ಚಿಪ್ಪನ್ನು ಅಂಚು ಹಿಡಿದು ಎತ್ತಿ, ಕೂಡಲೇ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಪಿನ್ನುಗಳಿರುವುದು ಬೋರ್ಡಿನಲ್ಲಿ, ಕೂದಲೆಳೆಯಷ್ಟು ಸಣ್ಣವು. ಒಂದು ಬಾಗಿದರೆ ಮುಂದೆ ಚಿಪ್ ವಾಪಸ್ ಹಾಕಿದಾಗ ಒಂದು ಮೆಮೊರಿ ಚಾನೆಲ್ ಕಾಣೆಯಾಗಿ ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ಆ ಸಾಕೆಟ್ಟಿಗೆ ಸೇರಿದ ರ‍್ಯಾಮ್ ಕಡ್ಡಿಗಳನ್ನೂ ತೆಗೆಯಿರಿ. ಮೊದಲ ಸಾಕೆಟ್ಟಿನ ಪಾಲಿನ ಸ್ಲಾಟ್ ಖಾಲಿ ಇದ್ದರೆ ಅಲ್ಲಿಗೆ ಹಾಕಬಹುದು, ಆದರೆ ಒಂದೊಂದು ಕಡ್ಡಿಯೂ ಕೆಲವು ವ್ಯಾಟ್ ಎಳೆಯುತ್ತದೆ. ಅಗತ್ಯವಿದ್ದಷ್ಟೇ ಇರಲಿ.

ಹೀಟ್‌ಸಿಂಕ್ ಇದ್ದ ಜಾಗ ಖಾಲಿ ಬಿಡಬಾರದು. ಗಾಳಿ ಸುಲಭದ ದಾರಿ ಹಿಡಿದು ಅಲ್ಲಿಂದಲೇ ಹೋಗುತ್ತದೆ, ಮೊದಲ ಚಿಪ್ಪು ಬಿಸಿಯಾಗುತ್ತದೆ, ಫ್ಯಾನುಗಳು ಕಿರುಚುತ್ತವೆ, ಉಳಿದದ್ದೆಲ್ಲ ಫ್ಯಾನಿಗೆ ಹೋಗುತ್ತದೆ. ಆ ಮಾಡೆಲ್ಲಿನ ಬ್ಲ್ಯಾಂಕ್ (ಖಾಲಿ ಜಾಗ ತುಂಬುವ ಪ್ಲಾಸ್ಟಿಕ್ ತುಂಡು) ಸಿಕ್ಕರೆ ಹಾಕಿ, ಸಿಗದಿದ್ದರೆ ಹೀಟ್‌ಸಿಂಕನ್ನೇ ಖಾಲಿ ಸಾಕೆಟ್ಟಿನ ಮುಚ್ಚಳಕ್ಕೆ ತಾಗದ ಹಾಗೆ ಕೂರಿಸಲು ಬರುತ್ತದೆಯೇ ನೋಡಿ. ಮೊದಲ ಬೂಟಿನಲ್ಲಿ ಪ್ರೊಸೆಸರ್, ಮೆಮೊರಿ ಬದಲಾಗಿದೆ ಅಂತ ಕೀ ಒತ್ತಲು ಕೇಳಿ ನಿಲ್ಲುವುದುಂಟು. ಅದನ್ನು ನೋಡದೆ ಯಂತ್ರ ಸತ್ತಿತು ಅಂದುಕೊಳ್ಳಬೇಡಿ.

ಎರಡು ಪವರ್ ಸಪ್ಲೈ ಇದ್ದರೆ ಒಂದನ್ನು ಹೊರಗೆಳೆದು ಮತ್ತೆ ಅಳೆಯಿರಿ. 750 ವ್ಯಾಟಿನ ಎರಡು ಸಪ್ಲೈಗಳು 100 ವ್ಯಾಟ್ ಲೋಡನ್ನು ಹಂಚಿಕೊಂಡರೆ ಎರಡೂ ಶೇಕಡಾ 7ರ ಆಸುಪಾಸಿನಲ್ಲಿ ಕೂತಿರುತ್ತವೆ, ಆ ಮಟ್ಟದಲ್ಲಿ ಯಾವ ಸಪ್ಲೈಯ ದಕ್ಷತೆಯೂ ಚೆನ್ನಾಗಿರುವುದಿಲ್ಲ. ಮನೆಯಲ್ಲಿ ಎರಡೂ ಒಂದೇ ಯುಪಿಎಸ್ಸಿಗೆ ಸಿಕ್ಕಿಸಿರುವಾಗ ಎರಡನೆಯದರಿಂದ ಏನು ಉಪಯೋಗ ಅಂತ ನನಗಂತೂ ಅರ್ಥವಾಗಿಲ್ಲ.

ಲೆಕ್ಕ ಹೀಗೆ. ಹಗಲೂರಾತ್ರಿ ಓಡುವ ಯಂತ್ರದಲ್ಲಿ ಒಂದು ವ್ಯಾಟ್ ಅಂದರೆ ವರ್ಷಕ್ಕೆ 8.76 ಯುನಿಟ್. 20 ವ್ಯಾಟ್ ಇಳಿಸಿದರೆ 175 ಯುನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿಕೊಳ್ಳಿ. ಯುಪಿಎಸ್ ಕಡೆಯಿಂದ ನೋಡಿದರೆ, 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು ಅಂದರೆ ಕಾಗದದ ಮೇಲೆ 3600 ವ್ಯಾಟ್-ಅವರ್. ಬ್ಯಾಟರಿ ಬಾಳಲಿ ಅಂತ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರಿನ ನಷ್ಟಕ್ಕೆ ಶೇಕಡಾ 15 ಬಿಟ್ಟರೆ ಕೈಗೆ ಸಿಗುವುದು 1530. ಯಂತ್ರ 110 ವ್ಯಾಟ್ ಎಳೆದರೆ 14 ಗಂಟೆಗೆ ಹತ್ತಿರ, 90 ಎಳೆದರೆ 17 ಗಂಟೆ.